ಕ್ಯಾಂಪಸ್ಸಿನ ಕೊಂಕು: ರಸಿಕರಿಗೊಂದು ಕೈಪಿಡಿ

ವಿದ್ಯಾರ್ಥಿಗಳ ವ್ಯಂಗ್ಯ ಹೆಚ್ಚಾಗಿ ಮರ್ಯಾದೆಯ ವೇಷದಲ್ಲಿ ಬರುತ್ತದೆ. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ಅದನ್ನು ಗುರುತಿಸಬೇಕಾದರೆ ಮೊದಲು ಕ್ರಿಯಾಪದದ ಕೊನೆಗೆ ಕಿವಿಗೊಡಬೇಕು. ದಿನವಿಡೀ ‘ಲೋ’, ‘ಮಗಾ’ ಎನ್ನುವ ಗೆಳೆಯ ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದನೆಂದರೆ ಕಾಲೆಳೆಯುವುದು ಶುರುವಾಯಿತೆಂದೇ ಅರ್ಥ.

ಹತ್ತು ಗಂಟೆಯ ತರಗತಿಗೆ ಹತ್ತೂ ಮುಕ್ಕಾಲಿಗೆ ಬಂದವನಿಗೆ ಪಕ್ಕದವನು ಪಿಸುಗುಡುತ್ತಾನೆ: ‘ಬಂದ್ರಾ ಸಾಹೇಬ್ರು? ಇಷ್ಟು ಬೇಗ ಯಾಕೆ ತೊಂದ್ರೆ ತಗೊಂಡ್ರಿ?’ ತಡವಾಯಿತೆಂಬ ಮಾತೇ ಇಲ್ಲಿಲ್ಲ. ಅದು ಇಬ್ಬರಿಗೂ ಗೊತ್ತಿರುವುದೇ ಈ ಮಾತಿನ ಬಂಡವಾಳ. ಬಂದವನು ‘ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ, ನೀವು ಮುಂದುವರಿಸಿ’ ಎಂದರೆ ಆಟ ಕಳೆಗಟ್ಟಿತು. ‘ಬಸ್ ಸಿಗಲಿಲ್ಲ ಕಣೋ’ ಎಂದು ನಿಜ ಹೇಳಿದರೆ ರಸಭಂಗ. ಕೊಂಕಿನ ಸೊಗಸು ಆಡಿದವನಿಗಿಂತ ತಿರುಗಿಸಿ ಕೊಟ್ಟವನಲ್ಲೇ ಹೆಚ್ಚು.

ಹೊಗಳುವ ನೆಪದಲ್ಲಿ ತೆಗಳುವುದು, ತೆಗಳುವ ನೆಪದಲ್ಲಿ ಹೊಗಳುವುದು, ಎರಡನ್ನೂ ಅಲಂಕಾರಶಾಸ್ತ್ರ ವ್ಯಾಜಸ್ತುತಿ ಎನ್ನುತ್ತದೆ. ಹರಿದಾಸರ ನಿಂದಾಸ್ತುತಿ ಎರಡನೆಯ ಬಗೆಯದು. ಹಾಸ್ಟೆಲ್ಲಿಗೂ ಅದು ಅಪರಿಚಿತವಲ್ಲ: ರ‍್ಯಾಂಕ್ ಬಂದವಳಿಗೆ ‘ಅಯ್ಯೋ ಪಾಪ, ಈ ಸಲಾನೂ ಹೋಯ್ತಾ?’ ಎಂಬ ಸಂತಾಪ ಸಿಗುತ್ತದೆ.

ಸೀಮೆ ಬದಲಾದಂತೆ ಧಾಟಿಯೂ ಬದಲಾಗುತ್ತದೆ. ಧಾರವಾಡದಲ್ಲಿ ‘ಭಾರಿ ಶಾಣ್ಯಾ ಅದಿ ಬಿಡಪಾ’ ಎಂದರೆ ತಕ್ಷಣ ಉಬ್ಬುವಂತಿಲ್ಲ. ನಿಜವಾದ ಮೆಚ್ಚುಗೆಯೂ ಇರಬಹುದು. ‘ಬಿಡಪಾ’ವನ್ನು ಎಷ್ಟು ಎಳೆದರು ಎಂಬುದರ ಮೇಲೆ ತೀರ್ಮಾನ. ವಾಟ್ಸ್‌ಆ್ಯಪ್ಪಿನಲ್ಲಿ ಎಳೆಯಲು ದನಿಯಿಲ್ಲ, ಕೈಮುಗಿದ ಎಮೋಜಿಯೇ ಆ ಕೆಲಸ ಮಾಡುತ್ತದೆ.

ಒಳ್ಳೆಯ ಕೊಂಕಿಗೆ ಎಲ್ಲರೂ ಅನುಭವಿಸುವ ಸಂಕಟವೇ ಸರಕು: ಶೇಕಡಾ 75 ಹಾಜರಾತಿ, ಇಂಟರ್ನಲ್ಸ್ ಅಂಕ, ಬಾರದ ಫಲಿತಾಂಶ. ಮೆಸ್ಸಿನ ಸಾಂಬಾರಿನಲ್ಲಿ ಬೇಳೆ ಸಿಕ್ಕವನು ‘ಯಾರೋ ಕಳ್ಕೊಂಡಿದಾರೆ, ಆಫೀಸಿಗೆ ಕೊಟ್ಬಿಡ್ಲಾ?’ ಎನ್ನುತ್ತಾನೆ, ಇಡೀ ಸಾಲು ನಗುತ್ತದೆ, ಅಡುಗೆಯವರೂ ನಗುತ್ತಾರೆ.

ಹೊಸಬನ ಜಾತಿ, ಮೈಬಣ್ಣ, ತಡವರಿಸುವ ಇಂಗ್ಲಿಷು ಈ ಸರಕಿಗೆ ಸೇರುವುದಿಲ್ಲ. ತಿರುಗಿಸಿ ಹೇಳುವ ಧೈರ್ಯವಿಲ್ಲದವನ ಮೇಲೆ ಆಡಿದ ಮಾತು ಎಷ್ಟೇ ಚುರುಕಾಗಿದ್ದರೂ ಕಳಪೆ ವ್ಯಂಗ್ಯ. ಯುಜಿಸಿಯ 2009ರ ನಿಯಮಗಳ ಪ್ರಕಾರ ಮಾತಿನಲ್ಲಿ ಚುಡಾಯಿಸುವುದೂ ರ‍್ಯಾಗಿಂಗೇ.