ಹೊನ್ನು ಹುಡುಕುವ ಕಣ್ಣು

ಕಡಲತೀರದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಾಣ್ಯ, ಉಂಗುರ ಹುಡುಕುವವರಿಗೆ ಬೀಪ್ ಸದ್ದಿನ ಆಸರೆಯುಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಹಿಂದೆ ಗಣಿ ತೋಡಿದವರಿಗೆ ಅದೂ ಇರಲಿಲ್ಲ. ಬೆಣಚುಕಲ್ಲಿನ ಎಳೆ ಕಂಡರೆ ಬೆನ್ನುಹತ್ತುವುದು. ಬಂಡೆಗೆ ಬೆಂಕಿಯೊಡ್ಡಿ ಬಿರಿಸುವುದು. ಒಡೆದ ಚೂರನ್ನು ಗುಂಡುಕಲ್ಲಿನಿಂದ ಅರೆದು, ನೀರಲ್ಲಿ ಜಾಲಾಡಿ, ತಳದಲ್ಲಿ ಉಳಿದ ಹೊನ್ನಿನ ಕಣ ಹೆಕ್ಕುವುದು. ಹೀಗೆಯೇ ಸುಮಾರು 640 ಅಡಿ ಆಳಕ್ಕಿಳಿದಿದ್ದಾರೆ, ಪುಣ್ಯಾತ್ಮರು! ನನಗಂತೂ ಯಂತ್ರಕ್ಕಿಂತ ಈ ಕಣ್ಣೇ ದೊಡ್ಡದು.

ಹುಡುಕಿದ್ದೇ ಸಿಗಬೇಕೆಂದೇನಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಜಾಡು ಹಿಡಿದಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಸಿಕ್ಕಿದ್ದು ಬ್ರಾಹ್ಮಿ ಅಕ್ಷರ ಕೊರೆದ ಬಂಡೆ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು.