ಟೆರ್ರಿ ತೀರ್ಪು ಹೇಳದೆ ಬಿಟ್ಟದ್ದು

ಅಮೆರಿಕದ ಸುಪ್ರೀಂ ಕೋರ್ಟು 1968ರ ಜೂನ್ 10ರಂದು ಕೊಟ್ಟ ‘ಟೆರ್ರಿ ವರ್ಸಸ್ ಒಹಾಯೊ’ ತೀರ್ಪಿಗೆ ಪೌರಸ್ವಾತಂತ್ರ್ಯವನ್ನೂ ಪೊಲೀಸರ ಸುರಕ್ಷತೆಯನ್ನೂ ಸರಿತೂಗಿಸಿದ ತೀರ್ಪೆಂಬ ಹೆಸರಿದೆ. ಬಂಧಿಸುವಷ್ಟು ಆಧಾರವಿಲ್ಲದಿದ್ದರೂ, ಸಕಾರಣ ಶಂಕೆಯಿದ್ದರೆ ದಾರಿಹೋಕನನ್ನು ತಡೆದು ಆಯುಧಕ್ಕಾಗಿ ಮೈ ತಡವಿ ನೋಡಬಹುದೆಂದು ಅದು ಹೇಳಿತು. ಆ ಹೆಸರಿಗೆ ಅದು ಅರ್ಹವಲ್ಲ.

ತೀರ್ಪಿನ ಬಲವೆಲ್ಲ ಅದು ಹೇಳುವ ಕಥೆಯಲ್ಲಿದೆ. 1963ರ ಅಕ್ಟೋಬರ್ 31, ಕ್ಲೀವ್‌ಲ್ಯಾಂಡ್ ನಗರ. ಬೀದಿಮೂಲೆಯಲ್ಲಿ ನಿಂತ ಇಬ್ಬರು, ಟೆರ್ರಿ ಮತ್ತು ಚಿಲ್ಟನ್, ಸರದಿಯಂತೆ ಹೋಗಿ ಒಂದೇ ಅಂಗಡಿಯ ಗಾಜಿನೊಳಗೆ ಇಣುಕಿ ಬರುತ್ತಾರೆ, ಒಟ್ಟು ಸುಮಾರು ಹನ್ನೆರಡು ಸಲ. ಮೂರನೆಯವನೊಬ್ಬ ಬಂದು ಮಾತಾಡಿ ಹೋಗುತ್ತಾನೆ. ಪತ್ತೇದಾರ ಮಾರ್ಟಿನ್ ಮೆಕ್‌ಫ್ಯಾಡನ್ ದರೋಡೆಯ ಸಂಚಿರಬೇಕೆಂದು ಊಹಿಸಿ ತಡೆಯುತ್ತಾನೆ. ಇಬ್ಬರಲ್ಲೂ ಪಿಸ್ತೂಲು ಸಿಗುತ್ತದೆ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಆ ಓಡಾಟವನ್ನು ಎಣಿಸಿ ಎಣಿಸಿ ಬರೆಯುತ್ತಾರೆ. ಆದರೆ ಆ ಇಬ್ಬರ ಮೇಲೆ ಮೊದಲು ಕಣ್ಣು ಬಿದ್ದದ್ದು ಏಕೆಂದು ಖಚಿತವಾಗಿ ಹೇಳಲು ಮೆಕ್‌ಫ್ಯಾಡನ್‌ಗೆ ಆಗಲಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಟೆರ್ರಿ, ಚಿಲ್ಟನ್ ಇಬ್ಬರೂ ಕಪ್ಪು ವರ್ಣೀಯರೆಂಬುದನ್ನಂತೂ ತೀರ್ಪು ಎಲ್ಲಿಯೂ ಹೇಳುವುದಿಲ್ಲ. ಇಣುಕಾಟ ಶಂಕೆಯನ್ನು ಬಲಪಡಿಸಿತು, ನಿಜ. ಪತ್ತೇದಾರನ ದೃಷ್ಟಿ ಅವರ ಮೇಲೆ ನೆಟ್ಟದ್ದು ಅದಕ್ಕೂ ಮೊದಲು. ಶಂಕೆ ಹುಟ್ಟಿದ ಗಳಿಗೆಯೇ ಕಥೆಯಿಂದ ಜಾರಿಹೋಗಿದೆ.

ತೀರ್ಪಿನ ಸಮರ್ಥಕರು ತಪ್ಪನ್ನು ಮುಂದಿನ ತೀರ್ಪುಗಳ ತಲೆಗೆ ಕಟ್ಟುತ್ತಾರೆ. 1996ರ ರೆನ್ ತೀರ್ಪು ಪೊಲೀಸನ ಮನಸ್ಸಿನೊಳಗಿನ ಉದ್ದೇಶ ಅಪ್ರಸ್ತುತವೆಂದಿತು. 2000ದ ವಾರ್ಡ್‌ಲೋ ತೀರ್ಪು, ಅಪರಾಧ ಹೆಚ್ಚಿರುವ ಬಡಾವಣೆಯಲ್ಲಿ ಪೊಲೀಸರನ್ನು ಕಂಡು ಓಡಿದರೆ ಶಂಕೆಗೆ ಅಷ್ಟು ಸಾಕೆಂದಿತು. ಆದರೂ ಈ ಸಮರ್ಥನೆ ನಿಲ್ಲದು. ಅಲ್ಪಸಂಖ್ಯಾತರು, ಅದರಲ್ಲೂ ಕಪ್ಪು ವರ್ಣೀಯರು, ದೂರುತ್ತ ಬಂದ ಪೊಲೀಸ್ ಕಿರುಕುಳವು, ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಕೋರ್ಟು ತಳ್ಳಿಹಾಕುವುದರಿಂದ ನಿಲ್ಲದೆಂದು ಟೆರ್ರಿ ತೀರ್ಪಿನಲ್ಲಿ ವಾರೆನ್ ಅವರೇ ಒಪ್ಪಿದ್ದಾರೆ. ಬೇರೆ ಪರಿಹಾರಗಳಿಗೆ ಅಡ್ಡಿಯಿಲ್ಲವೆಂದು ಹೇಳಿ, ಅವು ಯಾವುವೆಂದು ವಿವರಿಸದೆ ಮುಂದೆ ಸಾಗಿದ್ದಾರೆ. ವಾರಂಟು ಕೊಡುವ ನ್ಯಾಯಾಧೀಶನಿಗೂ ಇಲ್ಲದ ಅಧಿಕಾರ ಬೀದಿಯ ಪೊಲೀಸನಿಗೆ ಸಿಕ್ಕಿತೆಂದು ಭಿನ್ನಮತ ಬರೆದವರು ವಿಲಿಯಂ ಡಗ್ಲಸ್ ಒಬ್ಬರೇ.

ನ್ಯೂಯಾರ್ಕ್ ನಗರದಲ್ಲಿ 2004ರ ಜನವರಿಯಿಂದ 2012ರ ಜೂನ್‌ವರೆಗೆ ಇಂಥ 44 ಲಕ್ಷ ತಡೆಗಳು ನಡೆದವು. ತಡೆಯಲಾದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಕಪ್ಪು ವರ್ಣೀಯರು ಅಥವಾ ಹಿಸ್ಪಾನಿಕ್‌ಗಳು. ಮೈ ತಡವಿದ ಪ್ರಸಂಗಗಳಲ್ಲಿ ಆಯುಧ ಸಿಕ್ಕಿದ್ದು ಶೇ. 1.5ರಲ್ಲಿ ಮಾತ್ರ. ಈ ಪದ್ಧತಿ ಸಂವಿಧಾನಬಾಹಿರವೆಂದು 2013ರಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್ ತೀರ್ಪಿತ್ತರು. ಶೇ. 88ರಷ್ಟು ತಡೆಗಳು ಬಂಧನವೂ ಇಲ್ಲದೆ, ಸಮನ್ಸೂ ಇಲ್ಲದೆ ಮುಗಿದಿದ್ದವು. ತಳ್ಳಿಹಾಕಿ ಎಂದು ಕೋರ್ಟನ್ನು ಕೇಳಲು ಆ ಜನರ ವಿರುದ್ಧ ಸಾಕ್ಷ್ಯವೇ ಇರಲಿಲ್ಲ.