ತೊಗರಿ ರಾಶಿಗೆ ಗೈರುಹಾಜರಿ

ಪದವಿ ಮೊದಲ ವರ್ಷದ ಸಮಗ್ರ ಅರ್ಥಶಾಸ್ತ್ರದ ಕರಾರು: ಶೇ. 75 ಹಾಜರಾತಿ, ಎರಡು ಇಂಟರ್ನಲ್, ಒಂದು ಅಸೈನ್‌ಮೆಂಟ್. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ಡಿಸೆಂಬರ್‌ನಲ್ಲಿ ಇನ್ನೊಂದು ಪರೀಕ್ಷೆ ಇರ್ತಿತ್ತು: ತೊಗರಿ ರಾಶಿ. “ಆಳು ಸಿಗವಲ್ರು ಸರ್, ರಾಶಿ ಮುಗಿಸಿ ಬರ್ತೀನ್ರಿ” ಅಂದ ಗೆಳೆಯನಿಗೆ ಹಾಜರಾತಿ ಸಾಲದೆ ಪರೀಕ್ಷೆಯೇ ತಪ್ಪಿತು. ಆ ವಾರ ಕ್ಲಾಸಲ್ಲಿ ನಾವು ಬರೆದುಕೊಂಡದ್ದು ಹಣದುಬ್ಬರದ ವ್ಯಾಖ್ಯೆ.

ಹಾಜರಾತಿ ಬೇಡ ಅನ್ನೋದಿಲ್ಲ. ಆದರೆ ಎಪಿಎಂಸಿಗೆ ಹೋಗಿ ವಾರದ ದರ ಬರೆದು ತಾ ಅನ್ನೋದೂ ಅಸೈನ್‌ಮೆಂಟೇ ಅಲ್ವಾ? 2021ರ ಮೇನಲ್ಲಿ ಕೇಂದ್ರ ತೊಗರಿ ಆಮದು ಮುಕ್ತ ಮಾಡಿತು. ಬೇಳೆ ಅಗ್ಗವಾದರೆ ಬೆಂಗಳೂರಿನ ನನಗೆ ಉಳಿತಾಯ, ಅವನಿಗೆ ಸಾಲ. ನಮ್ಮ ಕೋರ್ಸು ಇಂಥ ಜಗಳ ಬಿಟ್ಟು ಸೂತ್ರ ಕೇಳ್ತಿತ್ತು.

ಸೂತ್ರ ಬರೆದು ನಾನು ಪಾಸಾದೆ. ದರ ಯಾಕೆ ಏರ್ತದ ಅಂತ ಕೇಳೋಕೆ ಇವತ್ತಿಗೂ ಅವನಿಗೇ ಫೋನ್ ಮಾಡ್ತೀನಿ.